ನೂಕಬೇಡ ಅಂದರೆ ಸಾಕೇ?

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಮಗ ಒಂದನೇ ಕ್ಲಾಸು. ಸಾಲಿನಲ್ಲಿ ಮುಂದಿನವರನ್ನು ನೂಕುತ್ತಾನೆ, ಪಕ್ಕದವರ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ ಅಂತ ವಾರಕ್ಕೆರಡು ಸಲ ಡೈರಿಯಲ್ಲಿ ದೂರು. ಕ್ಲಾಸಿನ ಗೋಡೆಯಲ್ಲಿ ಎಲ್ಲರ ಹೆಸರಿನ ಮುಂದೆ ಸ್ಟಾರ್ ಇವೆ, ಇವನದು ಖಾಲಿ. "ಎರಡು ಬಾರಿಸಿದ್ದೂ ಆಯ್ತು, ಚಾಕೊಲೇಟ್ ಆಸೆ ತೋರಿಸಿದ್ದೂ ಆಯ್ತು. ಒಳ್ಳೆಯದು ಕೆಟ್ಟದ್ದು ಅವನಿಗೇ ತಿಳಿಯೋದು ಯಾವಾಗ?" ಎಂದು ಕೇಳಿದ್ದಾರೆ.

ತಾಯಿ, ಅವನಿಗೆ ಅದು ತಿಳಿದಿದೆ. ನೂಕೋದು ತಪ್ಪಾ ಅಂತ ಊಟ ಮಾಡುವಾಗ ಕೇಳಿ ನೋಡಿ, "ತಪ್ಪು" ಅಂತಲೇ ಹೇಳ್ತಾನೆ. ಸಾಲಿನಲ್ಲಿ ನಿಂತಾಗ ಮಾತ್ರ ಕೈ ಮುಂದೆ ಹೋಗುತ್ತದೆ. ಆಸೆಯನ್ನು ತಡೆದು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಇವನಿಗಿನ್ನೂ ಆರು. ನಾವು "ನೂಕಬೇಡ" ಅಂತೀವಿ. ಸರಿ, ನೂಕದೆ ಏನು ಮಾಡಲಿ? ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದೇ ದಾರಿ ಗೊತ್ತಿರುವವನು ಆರಿಸಿಕೊಳ್ಳುವುದಾದರೂ ಏನನ್ನು?

ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಬೆಳಗಿನ ಕ್ಷೀರಭಾಗ್ಯದ ಹಾಲಿನ ಹೊತ್ತು. ನಲಿಕಲಿ ಟೀಚರ್ ಹಾಲಿನ ಪಾತ್ರೆಯಿಂದ ಜಗಲಿಯ ತುದಿವರೆಗೂ ಸೀಮೆಸುಣ್ಣದಲ್ಲಿ ಪುಟ್ಟ ಹೆಜ್ಜೆ ಬರೆದಿದ್ದರು. ಜೋಡಿ ಹೆಜ್ಜೆಗೊಂದು ಮಗು. ಹಿಂದಿನ ದಿನ ಖಾಲಿ ಲೋಟ ಹಿಡಿಸಿ, ಸುಮ್ನೆ ಆಟದ ಹಾಗೆ ಸಾಲು ನಿಲ್ಲಿಸಿದ್ದರಂತೆ. ಆದರೂ ಒಬ್ಬ ನೂಕಿದ. ಲೋಟ ತುಂಬಿಸಿಕೊಂಡು ತಿರುಗಿದ ಹುಡುಗಿಯ ಲಂಗದ ಮೇಲೆ ಹಾಲು ಚೆಲ್ಲಿತು. ಅಷ್ಟು ಬಿಸಿ ಇರಲಿಲ್ಲ, ಪುಣ್ಯ. ಟೀಚರ್ ಕೂಗಲಿಲ್ಲ. ಅವನ ಎತ್ತರಕ್ಕೆ ಕೂತು "ಏನಾಯ್ತು ನೋಡು" ಅಂದರು. ಅವನು ಲಂಗ ನೋಡಿದ. "ಈಗ ಏನು ಮಾಡೋಣ?" ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತ. ಆಮೇಲೆ ತಾನೇ ಹೋಗಿ ಬಟ್ಟೆ ತಂದ. ನೆಲ ಒರೆಸಿ ಮುಗಿಸಿದ ಮೇಲೆ ಟೀಚರ್ ಅವನನ್ನು ಮತ್ತೆ ಅದೇ ಹೆಜ್ಜೆಯ ಮೇಲೆ ನಿಲ್ಲಿಸಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದು. ಸಾಲಿನಿಂದ ಹೊರಗೆ ಹಾಕಿದ್ದರೆ, ಸಾಲಿನಲ್ಲಿ ನಿಲ್ಲುವುದನ್ನು ಅವನು ಕಲಿಯುವುದೆಲ್ಲಿ?

ಪೆನ್ಸಿಲ್ ವಿಷಯವನ್ನು ನೀವು ಮನೆಯಲ್ಲೇ ಆಡಿಸಬಹುದು. ಸಂಜೆ ಮಂಡಕ್ಕಿ ತಿನ್ನುವಾಗ ನೀವು ಪಕ್ಕದ ಹುಡುಗ ಆಗಿ. "ನಂಗೊಂದ್ಸಲ ಕೊಡ್ತೀಯಾ?" ಅಂತ ಅವನು ಕೇಳಲಿ. ಎರಡು ಸಲ ಕೊಡಿ. ಮೂರನೇ ಸಲ "ಕೊಡಲ್ಲ" ಅನ್ನಿ. ಕಷ್ಟ ಇರೋದೇ ಅಲ್ಲಿ, ಅಲ್ವಾ? ಆಗ ಇನ್ನೊಬ್ಬರನ್ನು ಕೇಳಬೇಕು, ಇಲ್ಲಾ ಮಿಸ್ ಹತ್ತಿರ ಹೋಗಬೇಕು. ಯೋಚಿಸದೆಯೇ ಬಾಯಿಗೆ ಬರುವಷ್ಟು ಸಲ ಆಡಿಸಿ. ಅವನು ನಿಜಕ್ಕೂ ಕೇಳಿ ತಗೊಂಡ ದಿನ "ಜಾಣ" ಅಂದು ಸುಮ್ಮನಾಗಬೇಡಿ. "ಕಿತ್ತುಕೊಳ್ಳದೆ ಕೇಳಿದೆಯಲ್ಲ" ಅನ್ನಿ. ಅಮ್ಮ ಖುಷಿಯಾಗಿದ್ದು ಯಾವುದಕ್ಕೆ ಅಂತ ಗೊತ್ತಾಗಲಿ.

ಹೊಡೆಯೋದನ್ನು ದಯವಿಟ್ಟು ಬಿಡಿ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲಿ ಹೊಡೆದರೆ, ಬಲ ಇದ್ದವರು ಕೈ ಎತ್ತಬಹುದು ಅಂತ ಕಲಿಯುತ್ತಾನೆ. ಸಾಲಿನಲ್ಲಿ ಅವನು ಮಾಡುತ್ತಿರುವುದೂ ಅದನ್ನೇ. ಚಾಕೊಲೇಟ್ ಕೊಟ್ಟಿದ್ದಕ್ಕೆ ಕೊರಗಬೇಡಿ, ಮುಂದೆ ಬೇಡ, ಅಷ್ಟೇ.

ಆ ಖಾಲಿ ಸ್ಟಾರ್ ಸಾಲು ಮಾತ್ರ ನನಗೆ ತುಂಬಾ ನೋವು ಕೊಟ್ಟಿತು. ದಿನಾ ಅದನ್ನೇ ನೋಡುವ ಮಗು, ನಾನಿರೋದೇ ಹೀಗೆ ಅಂತ ಒಪ್ಪಿಕೊಂಡುಬಿಡುತ್ತದೆ. ಶನಿವಾರ ಬೆಳಗಿನ ಕ್ಲಾಸು ಬಿಟ್ಟ ಮೇಲೆ ಮಿಸ್ ಜೊತೆ ಮಾತಾಡಿ. ಜಗಳ ಬೇಡ, ಕ್ಲಾಸು ತುಂಬಾ ಮಕ್ಕಳನ್ನು ಸಂಭಾಳಿಸುವ ಅವರಿಗೂ ಸುಸ್ತಿರುತ್ತದೆ. ಗೋಡೆಯ ಪಟ್ಟಿ ತೆಗೆಯಲು ಆಗುತ್ತಾ ಕೇಳಿ. ಸಾಲಿನ ಕೊನೆಯಲ್ಲಿ ಬಂದು ಬಾಗಿಲು ಹಾಕುವ ಕೆಲಸ ಇವನಿಗೆ ಕೊಡ್ತೀರಾ ಅಂತಲೂ ಕೇಳಿ. ಮಾತಾಡುವಾಗ ಮಗ ಪಕ್ಕದಲ್ಲಿ ಇರೋದು ಬೇಡ. ಅವನ ದೂರನ್ನು ಅವನ ಎದುರೇ ಹೇಳಿದ್ದು ಈಗಾಗಲೇ ಜಾಸ್ತಿ ಆಗಿದೆ.

- ಸಂಪಾದಕಿ