ಕಣ್ಣಾರೆ ನೋಡದ ಗಾಯಕನಿಗಾಗಿ ಅಳೋದು ಸರಿಯಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಇಷ್ಟದ ರಾಕ್ ಗಾಯಕನಿಗೆ ವಾಸಿಯಾಗದ ಕಾಯಿಲೆ ಅಂತ ಸುದ್ದಿ ಬಂದಿದೆ. ಎರಡು ದಿನದಿಂದ ಅಳು ನಿಲ್ಲುತ್ತಿಲ್ಲ. ಮನೆಯವರು "ಅವನೇನು ನಿನ್ನ ನೆಂಟನಾ?" ಅಂತ ನಗುತ್ತಾರೆ. ಇದು ಸರಿಯಾ?

ಸರಿ. ನಾನೂ ಅತ್ತಿದ್ದೇನೆ.

ನಮ್ಮೂರು ಶಿರಸಿ ಹತ್ತಿರದ ಹಳ್ಳಿ. ಟೊರಾಂಟೊದಲ್ಲಿರುವ ದೊಡ್ಡಮ್ಮನ ಮಗ ಒಮ್ಮೆ ರಜೆಗೆ ಬಂದವನು 'ದಿ ಟ್ರಾಜಿಕಲಿ ಹಿಪ್' ಅನ್ನೋ ಬ್ಯಾಂಡಿನ ಸಿಡಿ ಕೊಟ್ಟು ಹೋದ. ಅದರ ಗಾಯಕ ಗೋರ್ಡ್ ಡೌನಿ ಕೆನಡಾದಲ್ಲಿ ಮನೆಮಾತು. ನನಗೆ ಆ ದನಿ ಹಿಡಿದುಬಿಟ್ಟಿತು. 2016ರ ಮೇ ತಿಂಗಳಲ್ಲಿ ಅವರಿಗೆ ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಇದೆ, ಗುಣವಾಗುವಂಥದ್ದಲ್ಲ ಅಂತ ತಿಳಿಸಿದರು. ಆದರೂ ಆ ಬೇಸಿಗೆಯಲ್ಲಿ ಊರೂರಿಗೆ ಹೋಗಿ ಹಾಡುತ್ತಾರೆ ಅಂತಲೂ ಹೇಳಿದರು.

ನಮ್ಮ ಕಡೆ ಕ್ಯಾನ್ಸರ್ ಅಂದ ಕೂಡಲೇ ನಾಟಿ ಔಷಧಿಯ ಮಾತು ಬರುತ್ತದೆ. ನಾನೂ ಅದನ್ನೇ ಬರೆದು ಕಳಿಸಲು ಹೊರಟಿದ್ದೆ. ಆಮೇಲೆ ಬಿಟ್ಟೆ. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಆದ ಮನುಷ್ಯನಿಗೆ ಇನ್ನೊಂದು ಸಲಹೆ ಯಾಕೆ, ಅಲ್ವಾ? ನೀವೂ ಕಳಿಸಬೇಡಿ. ಹಾಗೇ, ಬದುಕಿರುವವರಿಗೆ 'ಓಂ ಶಾಂತಿ' ಹಾಕಬೇಡಿ. ಇಂಗ್ಲೆಂಡಿನ ಗಿಟಾರ್ ವಾದಕ ವಿಲ್ಕೊ ಜಾನ್ಸನ್‌ಗೆ 2013ರಲ್ಲಿ ಇನ್ನು ಕೆಲವೇ ತಿಂಗಳು ಅಂದಿದ್ದರು. ಎಲ್ಲ ಕಡೆ ವಿದಾಯದ ಕಾರ್ಯಕ್ರಮ ಕೊಟ್ಟರು. ಮರುವರ್ಷ ಒಬ್ಬ ವೈದ್ಯರು ಧೈರ್ಯ ಮಾಡಿ ಗಡ್ಡೆ ತೆಗೆದರು; 2022ರವರೆಗೆ ಬದುಕಿದರು. ಎಲ್ಲರಿಗೂ ಹೀಗಾಗುವುದಿಲ್ಲ. ಡೌನಿಗೆ ಆಗಲಿಲ್ಲ.

ಡೌನಿ ತಮ್ಮ ಬ್ಯಾಂಡಿನೊಡನೆ ಕೊಟ್ಟ ಕೊನೆಯ ಕಾರ್ಯಕ್ರಮ 2016ರ ಆಗಸ್ಟ್ 20ರ ರಾತ್ರಿ, ಬ್ಯಾಂಡಿನ ಹುಟ್ಟೂರು ಕಿಂಗ್‌ಸ್ಟನ್‌ನಲ್ಲಿ. ಕೆನಡಾದ ಸಾರ್ವಜನಿಕ ಟಿವಿ ಸಂಸ್ಥೆ ಸಿಬಿಸಿಯವರು ಜಾಹೀರಾತಿಲ್ಲದೆ ನೇರ ಪ್ರಸಾರ ಮಾಡಿದರು. ಕೆನಡಾದ ಸುಮಾರು ಮೂರರಲ್ಲೊಂದು ಪಾಲು ಜನ ನೋಡಿದರಂತೆ. ನಮಗೆ ಅದು ಭಾನುವಾರ ಬೆಳಗಿನ ಆರು ಗಂಟೆ. ಮನೆಯಲ್ಲಿ ಕರೆಂಟಿಲ್ಲ, ಸಿಗ್ನಲ್ಲೂ ಇಲ್ಲ. ಕೊಡೆ ಹಿಡಿದು ಸೊಪ್ಪಿನ ಬೆಟ್ಟ ಹತ್ತಿದೆ. ಅಲ್ಲಿ ಎರಡು ಕಡ್ಡಿ ಸಿಗುತ್ತದೆ. ಚಿತ್ರ ನಿಂತು ನಿಂತು ಬರುತ್ತಿತ್ತು, ದನಿ ಮಾತ್ರ ಚೆನ್ನಾಗಿತ್ತು. ಹೊಳೆಯುವ ಸೂಟು, ಗರಿ ಸಿಕ್ಕಿಸಿದ ಟೋಪಿ. ಕಾಯಿಲೆಯಿಂದ ನೆನಪು ಕೈಕೊಡುತ್ತಿದ್ದುದರಿಂದ ಸಾಹಿತ್ಯವನ್ನು ಎದುರಿನ ಪರದೆಗಳಲ್ಲಿ ನೋಡಿಕೊಂಡು ಹಾಡುತ್ತಿದ್ದರು. ತಾವೇ ಬರೆದ ಹಾಡು! ಒಂದು ಹಾಡಿನ ಕೊನೆಗೆ ಕಿರುಚಿ ಅತ್ತರು. ನಾನೂ ಅತ್ತೆ.

ಹಾಲು ಕರೆಯುವ ಹೊತ್ತಾದರೂ ಮಗ ಇಲ್ಲ ಅಂತ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಹುಡುಕುತ್ತಾ ಬಂದರು. ಬೈಯಲಿಲ್ಲ. ಪಕ್ಕದಲ್ಲಿ ನಿಂತು ನೋಡಿದರು. ಒಂದು ಶಬ್ದವೂ ಅರ್ಥವಾಗಲಿಲ್ಲ ಅವರಿಗೆ. ಸುಮಾರು ಹೊತ್ತಾದ ಮೇಲೆ, "ಭಾಗವತ್ರಿಗೆ ಹುಷಾರಿಲ್ಯನೋ ತಮಾ?" ಅಂದರು. ಅಪ್ಪಯ್ಯನಿಗೆ ಹಾಡುವವರೆಲ್ಲ ಯಕ್ಷಗಾನದ ಭಾಗವತರೇ. ಹೌದು ಅಂದೆ. ಕೊಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಿಡಿದರು.

ಮರುವರ್ಷ ಅಕ್ಟೋಬರ್ 3ಕ್ಕೆ ಯಕ್ಷಗಾನದ ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡರು. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಅವರ ಕೀಚಕ ನೋಡಲು ಅಪ್ಪಯ್ಯ ರಾತ್ರಿ ಸೂಡಿ ಹಿಡಿದು ಮೈಲಿಗಟ್ಟಲೆ ನಡೆದವರು, ಆದರೆ ಅವರೊಡನೆ ಒಂದು ಮಾತೂ ಆಡಿದವರಲ್ಲ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಯಾರಾದರೂ "ಅವರೇನು ನಿಮ್ಮ ನೆಂಟರಾ?" ಅಂತ ಕೇಳಿದರಾ? ಇಲ್ಲ.

ಎರಡು ವಾರಕ್ಕೆ ಡೌನಿ ಹೋದರು, 53 ವರ್ಷಕ್ಕೆ. ಸುದ್ದಿ ತಿಳಿದದ್ದು ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಹಿಂದುಮುಂದು. ಕೊಟ್ಟಿಗೆಯ ದನಗಳಿಗೆ ಕಟ್ಟಲು ಅಪ್ಪಯ್ಯ ಜಗಲಿಯಲ್ಲಿ ಅಡಿಕೆ ಸರ ಮಾಡುತ್ತಿದ್ದರು. ನನ್ನ ಮುಖ ನೋಡಿ, "ನಿನ್ನ ಭಾಗವತ್ರಾ?" ಅಂದರು. ದಾರ ಕೆಳಗಿಟ್ಟು, "ಅವರ ಪದ ಹಾಕು, ಕೇಳನ" ಅಂದರು.

ನಿಮ್ಮ ಮನೆಯವರು ಆ ಗಾಯಕನನ್ನು ಕೇಳಿಯೇ ಇಲ್ಲ ಅನ್ನಿಸುತ್ತದೆ. ಆ ಗಾಯಕ ಇನ್ನೂ ಬದುಕಿದ್ದಾರೆ. ಇವತ್ತು ರಾತ್ರಿ ಹೆಡ್‌ಫೋನ್ ತೆಗೆದಿಟ್ಟು, ನಡುಮನೆಯಲ್ಲಿ ಜೋರಾಗಿ ಹಾಕಿ.