ಮಲ್ಲಿಗೆ ಗಿಡ ಮೊದಲ ದಿನವೇ ತಗೊಳ್ಳಬೇಡಿ ಮೇಡಂ (ಉಡುಪಿ–ಮೂಡಬಿದಿರೆ ಪ್ಲಾನಿಗೆ ಉತ್ತರ)

ಮೇಡಂ, ನಮ್ಮ ಈ ಗಿಡ ಬೆಳೆಸುವವರ ಗುಂಪಿನಲ್ಲಿ ನೀವು ಹಾಕಿದ ಪ್ಲಾನ್ ಓದಿದೆ. ಏಪ್ರಿಲ್ ಕೊನೆ, ಮೂರು ದಿನ, ಬೆಂಗಳೂರಿಂದ ಕಾರು, ಜೊತೆಗೆ ಮಂಡಿನೋವಿನ ಅತ್ತೆ, ಇಬ್ಬರು ಮಕ್ಕಳು. ಜಾಗಗಳು ಶಂಕರಪುರ, ಮಟ್ಟು, ಕಾಪು, ಮಲ್ಪೆ, ಮಣಿಪಾಲದ ಹಸ್ತಶಿಲ್ಪ, ಕಾರ್ಕಳ, ಮೂಡಬಿದಿರೆ, ಪಿಲಿಕುಳ, ಮರವಂತೆ. ಒಂಬತ್ತು! ಹೋಗಲಿ, ಅದನ್ನಾದರೂ ಸಹಿಸಿಕೊಳ್ಳಬಹುದು. ಆದರೆ ಮೊದಲ ದಿನ ಬೆಳಿಗ್ಗೆಯೇ ಶಂಕರಪುರಕ್ಕೆ ಹೋಗಿ "ಇಪ್ಪತ್ತು ಮಲ್ಲಿಗೆ ಗಿಡ ಡಿಕ್ಕಿಗೆ ಹಾಕಿಕೊಂಡು ಆಮೇಲೆ ಹಳೇ ಮನೆಗಳನ್ನು ನೋಡುತ್ತಾ ಹೋಗುತ್ತೇವೆ" ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ನನ್ನ ಹೊಟ್ಟೆಯಲ್ಲಿ ಕಲಸಿದಂತಾಯಿತು. ಕೆಳಗೆ ಹದಿನೈದು ಜನ "ಸೂಪರ್ ಪ್ಲಾನ್" ಅಂದಿದ್ದಾರೆ. ಅವರಲ್ಲಿ ಒಬ್ಬರೂ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ತೆಗೆದು ನೋಡಿದವರಿದ್ದ ಹಾಗಿಲ್ಲ.

ನಾನು ನೋಡಿದ್ದೇನೆ. ಆರು ವರ್ಷದ ಹಿಂದೆ, ಅದೇ ಏಪ್ರಿಲ್. ಬೆಳಿಗ್ಗೆ ಎಂಟಕ್ಕೆ ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಂಕರಪುರದ ಕಡೆ ತಿರುಗಿದೆವು. ಒಂದು ಮನೆಯ ಜಗಲಿಯಲ್ಲಿ ಅಮ್ಮ ಒಬ್ಬರು ಬಾಳೆನಾರಲ್ಲಿ ಮೊಗ್ಗು ಕಟ್ಟುತ್ತಾ ಕೂತಿದ್ದರು. ಮಾತಾಡಿಸಿದೆವು. ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದರು, ಕೇಳದೇ ಒಂದು ಹಿಡಿ ಗೆಲ್ಲು ಕತ್ತರಿಸಿ ಕೊಟ್ಟರು, ದುಡ್ಡು ಅಂದರೆ ಬೈದರು. ಜೊತೆಗೆ ಕವರಲ್ಲಿದ್ದ ಹದಿನಾಲ್ಕು ಗಿಡ ಬೇರೆ ಕಡೆ ಕೊಂಡೆವು. ಎಲ್ಲ ಡಿಕ್ಕಿಗೆ. ಅಲ್ಲಿಂದ ಕಾರ್ಕಳ, ಆಮೇಲೆ ಮೂಡಬಿದಿರೆ. ಸಾವಿರ ಕಂಬದ ಬಸದಿಯ ಹತ್ತಿರ ಒಳ್ಳೇ ನೆರಳು ನೋಡಿ ಕಾರು ನಿಲ್ಲಿಸಿದೆ. ನೆರಳು ಅಲ್ಲೇ ನಿಂತಿರುತ್ತದಾ? ನಾವು ಬಸದಿ ನೋಡಿ, ಚೌಟರ ಅರಮನೆ ನೋಡಿ, ಊಟ ಮಾಡಿ ಬರುವ ಹೊತ್ತಿಗೆ ಎರಡೂವರೆ.

ಡಿಕ್ಕಿ ತೆಗೆದ ಕೂಡಲೇ ಬಂದದ್ದು ಬೆಂದ ಬಸಳೆ ವಾಸನೆ. ಸುಳ್ಳಲ್ಲ. ಕವರ್‌ಗಳ ಒಳಗೆಲ್ಲ ಹಬೆ ಹನಿ ಕಟ್ಟಿತ್ತು, ಎಲೆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು, ಮಣ್ಣು ಮುಟ್ಟಿದರೆ ಬಿಸಿ. ಹೊರಗೆ 34 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ 50 ದಾಟುವುದು ದೊಡ್ಡ ಮಾತಲ್ಲ. ಆ ಅಮ್ಮ ಕೊಟ್ಟ ಗೆಲ್ಲನ್ನಂತೂ ನಾನು ಬಹಳ ಜಾಣತನದಿಂದ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಟ್ಟಿಯಾಗಿ ಗಂಟು ಹಾಕಿದ್ದೆ. ಅಂದರೆ ಇಡ್ಲಿ ಬೇಯಿಸುವುದಕ್ಕೆ ಬೇಕಾದ್ದೆಲ್ಲ ನಾನೇ ಒದಗಿಸಿದ್ದೆ. ಉಳಿದದ್ದು ಒಂದೇ ಕಡ್ಡಿ, ನನ್ನ ಹೆಂಡತಿ ಕರ್ಚೀಫ್ ಒದ್ದೆ ಮಾಡಿ ಸುತ್ತಿ ತನ್ನ ಚೀಲದ ಬಾಯಿಂದ ತಲೆ ಹೊರಗೆ ಇಟ್ಟುಕೊಂಡಿದ್ದದ್ದು. ಈಗ ನನ್ನ ತಾರಸಿಯಲ್ಲಿರುವ ಐದು ಗಿಡವೂ ಅದರ ಮಕ್ಕಳೇ.

ಹಾಗಾಗಿ ಮೊದಲ ಮಾತು, ಶಂಕರಪುರ ಕೊನೆಯ ದಿನಕ್ಕೆ. ಬೆಳಿಗ್ಗೆ ಬೇಗ ಹೋಗಿ, ಏಕೆಂದರೆ ಮೊಗ್ಗು ಕೊಯ್ಯುವುದು, ಕಟ್ಟುವುದು ಎಲ್ಲ ಆಗಲೇ. ಹತ್ತು ಗಂಟೆಗೆ ಆರಾಮಾಗಿ ತಿಂಡಿ ತಿಂದು ಹೋದರೆ ಖಾಲಿ ಗಿಡ ಕಾಣುತ್ತದೆ ಅಷ್ಟೇ. ಅಲ್ಲಿ ಲೆಕ್ಕ ಮೊಳದಲ್ಲಿ ಅಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ. 800 ಹೂವು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ದರ ಪ್ರತಿದಿನ ಕಟ್ಟೆಯಲ್ಲಿ, ಅಂದರೆ ಹೂವಿನ ವ್ಯಾಪಾರದ ಜಾಗದಲ್ಲಿ, ನಿಗದಿಯಾಗುತ್ತದೆ, ಮದುವೆ ಮುಹೂರ್ತ ಇದ್ದ ದಿನ ಏರುತ್ತದೆ. ಅದಕ್ಕೆ ಚೌಕಾಸಿ ಮಾಡಲು ಹೋಗಬೇಡಿ, ಆ ದರ ಅವರ ಕೈಯಲ್ಲಿಲ್ಲ. ಇನ್ನೊಂದು ವಿಷಯ, ಇವು ಯಾವುದೂ ಟಿಕೆಟ್ ಇಟ್ಟ ತೋಟ ಅಲ್ಲ, ಮನೆ ಹಿತ್ತಿಲು. ಗೇಟಿನ ಹೊರಗೆ ನಿಂತು ಕೇಳಿ. ಕೆಲಸದ ಹೊತ್ತಿನಲ್ಲಿ "ಸ್ವಲ್ಪ ಹಾಗೇ ಕೊಯ್ಯುತ್ತಾ ಇರಿ, ವಿಡಿಯೋ ಮಾಡುತ್ತೇನೆ" ಅನ್ನಬೇಡಿ, ದಯವಿಟ್ಟು.

ಗೆಲ್ಲು ಸಿಕ್ಕರೆ ತರುವ ಕ್ರಮ ಹೇಳುತ್ತೇನೆ. ಇದು ನನ್ನ ಹುಚ್ಚು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಹೋದ ಸಲ 12ರಲ್ಲಿ 7 ಬೇರು ಬಿಟ್ಟವು. ಅಡಿಕೆ ತೋಟದಲ್ಲಿ ಬಿದ್ದ ಹಾಳೆ (ಸೋಗೆಯ ಬುಡದ ಅಗಲ ಪಟ್ಟಿ) ಒಂದು ಕೇಳಿ ತಗೊಳ್ಳಿ. ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಬಗ್ಗುತ್ತದೆ. ಪೆನ್ಸಿಲಿಗಿಂತ ತುಸು ತೆಳ್ಳಗಿನ, ಎಳಸೂ ಅಲ್ಲದ ತೀರ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ, ಒಂದು ಗೇಣಿನಷ್ಟು ಸಾಕು, ಕೆಳಗಿನ ಎಲೆ ಕಿತ್ತು ಮೇಲಿನ ಎರಡನ್ನು ಅರ್ಧ ಕತ್ತರಿಸಿ. ಬುಡಕ್ಕೆ ಗೋಣಿ ತುಂಡು ಸುತ್ತಬೇಕು. ಆ ಗೋಣಿಯನ್ನು ಹಿಂಡಿ ಹಿಂಡಿ ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಮಾಡಿರಬೇಕು, ಜಾಸ್ತಿ ಒದ್ದೆಯಾದರೆ ಕೊಳೆಯುತ್ತದೆ. ಆಮೇಲೆ ಹಾಳೆಯಲ್ಲಿ ಸುರುಳಿ ಸುತ್ತಿ ಬಾಳೆನಾರಲ್ಲಿ ಕಟ್ಟಿ, ಎರಡೂ ತುದಿ ತೆರೆದಿರಲಿ. ಕಾರಲ್ಲಿ ಇದರ ಜಾಗ ಮುಂದಿನ ಸೀಟಿನ ಕಾಲ ಬಳಿ. ಕಾರು ನಿಲ್ಲಿಸಿ ಇಳಿದರೆ ಇದೂ ನಿಮ್ಮ ಜೊತೆ ಇಳಿಯಬೇಕು. ನಾನು ಹೋಟೆಲಿಗೂ ಕಂಕುಳಲ್ಲಿ ಹಿಡಿದುಕೊಂಡು ಹೋಗಿದ್ದೇನೆ, ಸಪ್ಲೈಯರ್ ಹುಡುಗ ಕೊಳಲಾ ಸಾರ್ ಅಂದ.

ಕತ್ತರಿ ಮನೆಯಿಂದಲೇ ಒಯ್ಯಿರಿ. ನನ್ನದು ಫಾಲ್ಕನ್, ಎಂಟು ವರ್ಷವಾಯಿತು, ಸ್ಪ್ರಿಂಗ್ ಮಾತ್ರ ಒಮ್ಮೆ ಬದಲಾಯಿಸಿದ್ದೇನೆ. ಆನ್‌ಲೈನಲ್ಲಿ ಬರುವ ಆ ನೂರೈವತ್ತು ರೂಪಾಯಿಯ ಹೆಸರಿಲ್ಲದ ಕತ್ತರಿಗಳು ಕಡ್ಡಿಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತವೆ. ಕಡ್ಡಿಗೆ ಬೇರು ಬರಿಸಲು ಹಚ್ಚುವ ಪುಡಿ ಬಗ್ಗೆ ಇಲ್ಲಿ ಯಾವಾಗಲೂ ಜಗಳ. ಮಲ್ಲಿಗೆಗೆ ಅದಿಲ್ಲದೆಯೂ ಆಗುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಹಾಕುವವರು ಹಾಕಲಿ. ಕೋಕೋಪೀಟ್ ಮಾತ್ರ ಎಷ್ಟು ದೊಡ್ಡ ಬ್ರ್ಯಾಂಡ್ ಆದರೂ ಎರಡು ಮೂರು ಸಲ ತೊಳೆದೇ ಬಳಸಿ, ಉಪ್ಪು ಇರುತ್ತದೆ. ಅಲ್ಲಿಯ ಕೆಂಪು ಮಣ್ಣನ್ನು ಮೂಟೆ ಕಟ್ಟಿ ತರುವ ಯೋಚನೆ ಇದ್ದರೆ ಬಿಡಿ. ಬೇರುಗಂಟಿನ ಹುಳು ಜೊತೆಗೆ ಬಂದರೆ ಮಲ್ಲಿಗೆ ಮಾತ್ರ ಅಲ್ಲ, ನಿಮ್ಮ ಬದನೆ, ಟೊಮೆಟೊ ಕುಂಡಗಳೂ ಹೋದವು. ನಮ್ಮ ಬೋರ್‌ವೆಲ್ ನೀರಿಗೆ ಮಲ್ಲಿಗೆ ಎಲೆ ಹಳದಿಯಾಗುತ್ತದೆ, ಅದಕ್ಕೆ ಮಳೆನೀರು ಹಿಡಿದಿಟ್ಟು ಹಾಕಿ. ಮತ್ತು ರಸ್ತೆ ಬದಿಯ ನರ್ಸರಿಯಲ್ಲಿ "ಉಡುಪಿ ಮಲ್ಲಿಗೆ" ಅಂತ ಬೋರ್ಡ್ ಇದ್ದರೆ ನಂಬಬೇಡಿ. ನನಗೆ ಒಬ್ಬರು ಹಾಗೆ ಹೇಳಿ ಕೊಟ್ಟದ್ದು ಹೂವು ಬಿಟ್ಟ ಮೇಲೆ ನೋಡಿದರೆ ಗುಂಡುಮಲ್ಲಿಗೆ.

ಈಗ ಮನೆಗಳಿಗೆ ಬರುತ್ತೇನೆ. ನಾವು ಆ ಸಲ ಮಾಡಿದ ಎರಡನೇ ತಪ್ಪು ಓಡಿದ್ದು. ಹಳೇ ಮನೆ ಅಂದರೆ ಒಂದು ಬೆಳಿಗ್ಗೆಗೆ ಒಂದೇ. ಉಡುಪಿಯಲ್ಲೋ ಮಣಿಪಾಲದಲ್ಲೋ ಒಂದೇ ಕಡೆ ರೂಮ್ ಮಾಡಿ, ಮೂರು ದಿನವೂ ಅಲ್ಲೇ ಇರಿ. ಮಂಡಿನೋವಿನ ಅತ್ತೆಯವರಿಂದ ದಿನಾ ಬ್ಯಾಗು ಕಟ್ಟಿಸಬೇಡಿ.

ಒಂದು ಬೆಳಿಗ್ಗೆ ಪೂರ್ತಿ ಮಣಿಪಾಲದ ಹಸ್ತಶಿಲ್ಪಕ್ಕೆ. ಯಜಮಾನರು ಕೆಡವಲು ಹೊರಟಿದ್ದ ಮನೆಗಳನ್ನು ವಿಜಯನಾಥ ಶೆಣೈ ಅವರು ಕಂಬ ಕಂಬವಾಗಿ ಬಿಚ್ಚಿಸಿ ತಂದು ಮತ್ತೆ ಎಬ್ಬಿಸಿದ ಜಾಗ. ಕುಂಜೂರಿನ ಚೌಕಿ ಮನೆ (ನಡುವೆ ತೆರೆದ ಅಂಗಳವಿರುವ ಮನೆ), ಮುಧೋಳ ಅರಮನೆಯ ದರ್ಬಾರ್ ಹಾಲ್, ಕುಕನೂರಿನ ಕಮಲ ಮಹಲ್, ಎಲ್ಲ ಒಂದೇ ಆವರಣದಲ್ಲಿ. ಎರಡು ಮೂರು ಗಂಟೆ ಬೇಕು. ಸಮಯ, ಟಿಕೆಟ್, ಫೋಟೋ ನಿಯಮ ಎಲ್ಲ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ, ಮೂರು ವರ್ಷದ ಹಿಂದಿನ ಯಾರದೋ ವಿಡಿಯೋ ನಂಬಿ ಹೋಗಬೇಡಿ. ಸೋಮವಾರ ಬರದ ಹಾಗೆ ದಿನ ಹೊಂದಿಸಿ. ಪಿಲಿಕುಳ ಕೂಡ ಸೋಮವಾರ ರಜೆ. ನಾನು ಮುಚ್ಚಿದ ಗೇಟಿನ ಮುಂದೆ ಕಡ್ಲೆ ತಿಂದು ವಾಪಸ್ ಬಂದವನು, ತಪ್ಪು ನನ್ನದೇ.

ಅತ್ತೆಯವರ ವಿಷಯ. ಈ ಮನೆಗಳ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ, ಉಪ್ಪರಿಗೆಯ ಮರದ ಮೆಟ್ಟಿಲು ಏಣಿಯ ಹಾಗೆ ಕಡಿದು. ಅವರು ಜಗಲಿಯಲ್ಲೇ ಕೂರಲಿ. ಸುಮ್ನೆ ಹೇಳುತ್ತಿಲ್ಲ, ಮಧ್ಯಾಹ್ನದ ಹೊತ್ತು ಆ ಮನೆಗಳಲ್ಲಿ ಅತ್ಯಂತ ತಂಪಾದ ಜಾಗ ಅದೇ, ಮಾಡು, ಅಂದರೆ ಛಾವಣಿ, ಅಷ್ಟು ಕೆಳಗೆ ಇಳಿದಿರುತ್ತದೆ. ಚಪ್ಪಲಿ ಮಾತ್ರ ಸುಲಭವಾಗಿ ಬಿಚ್ಚುವಂಥದ್ದು ಹಾಕಿಸಿ. ದಿನಕ್ಕೆ ಹದಿನೈದು ಸಲ ಬಿಚ್ಚಿ ಹಾಕಬೇಕು, ಲೇಸಿನ ಶೂ ಹಾಕಿ ಬಂದ ನನ್ನ ಭಾವ ಎರಡನೇ ದಿನ ಮೂಡಬಿದಿರೆ ಪೇಟೆಯಲ್ಲಿ ಪ್ಯಾರಾಗಾನ್ ಕೊಂಡರು.

ಇನ್ನೊಂದು ದಿನ ಮೂಡಬಿದಿರೆಗೆ. 1430ರ ಸಾವಿರ ಕಂಬದ ಬಸದಿಯನ್ನು ಎಲ್ಲರೂ ನೋಡುತ್ತಾರೆ, ಚೌಟರ ಅರಮನೆಯನ್ನು ಅರ್ಧ ಜನ ಬಿಟ್ಟು ಹೋಗುತ್ತಾರೆ. ಹೆಸರು ಅರಮನೆ ಅಂತ ಮೈಸೂರು ಅರಮನೆ ಥರ ಏನೋ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಹಂಚಿನ ಮಾಡಿನ ದೊಡ್ಡ ಮನೆ, ಉಳ್ಳಾಲದ ರಾಣಿ ಅಬ್ಬಕ್ಕನ ವಂಶದವರದ್ದು, ಮನೆತನದವರು ಈಗಲೂ ಅಲ್ಲಿದ್ದಾರೆ. ಮರದ ಕಂಬದಲ್ಲಿ ನವನಾರಿ ಕುಂಜರ ಕೆತ್ತನೆ ಇದೆ. ದೂರದಿಂದ ಆನೆ, ಹತ್ತಿರ ಹೋದರೆ ಒಂಬತ್ತು ಹೆಂಗಸರು. ಇನ್ನೊಂದರಲ್ಲಿ ಐದು ಹೆಂಗಸರು ಸೇರಿ ಕುದುರೆ. ನಿಮ್ಮ ಮಕ್ಕಳಿಗೆ ಹೇಳಿಕೊಡದೆ ಎಣಿಸಲು ಬಿಡಿ. ನನ್ನ ಮಗಳು ಏಳಕ್ಕೆ ನಿಂತಳು, ಮತ್ತೆ ಮೊದಲಿಂದ ಶುರು ಮಾಡಿದಳು, ಮೂರನೇ ಸಲ ಒಂಬತ್ತು ಸಿಕ್ಕಿತು. ಇಪ್ಪತ್ತು ನಿಮಿಷ ಹೋಯಿತು. ಅಷ್ಟು ಹೊತ್ತು ನಾನು ಡಿಕ್ಕಿಯಲ್ಲಿ ಗಿಡ ಬೇಯುತ್ತಿವೆ ಅಂತ ಗೊತ್ತಿಲ್ಲದೆ ಖುಷಿಯಾಗಿದ್ದೆ.

ಜನ ವಾಸವಿರುವ ಮನೆಗೆ ಹೋದಾಗ ಒಳಗೆ ಬನ್ನಿ ಅಂದಷ್ಟು ಮಾತ್ರ ಹೋಗಿ. ದೈವದ ಕೋಣೆ, ದೇವರ ಕೋಣೆ ಕಡೆ ಮೊಬೈಲ್ ಎತ್ತಬೇಡಿ. "ಈ ಕಂಚಿನ ಹಂಡೆ ಕೊಡುತ್ತೀರಾ, ಎಷ್ಟಾಗಬಹುದು" ಅಂತ ಕೇಳುವವರನ್ನು ನಾನೇ ಕಣ್ಣಾರೆ ನೋಡಿದ್ದೇನೆ, ನಾಚಿಕೆಯಾಯಿತು. ಹಾಗೇ ಮನೆ ಹಿಂದೆ ಬಿದ್ದ ಹಳೇ ಹಂಚನ್ನು ಕುಂಡದ ತಳಕ್ಕೆ ಒಳ್ಳೇದು ಅಂತ ಎತ್ತಿಕೊಳ್ಳಬೇಡಿ. ತಿರುಗಿಸಿ ನೋಡಿ, ಎಷ್ಟೋ ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಹುಲ್ಲು ಹೊದಿಸಿದ್ದ ಎಷ್ಟೋ ಮಾಡುಗಳು ಹಂಚಿಗೆ ಬದಲಾದವು. ಓದಿ, ಇದ್ದಲ್ಲೇ ಇಡಿ.

ಪಿಲಿಕುಳ ಉಡುಪಿಯಿಂದ ದೂರ. ಮಂಗಳೂರು–ಮೂಡಬಿದಿರೆ ದಾರಿಯ ವಾಮಂಜೂರಿನ ಹತ್ತಿರ. ಒಂದನ್ನು ಬಿಡಲೇಬೇಕು ಅಂದರೆ ಇದನ್ನು ಬಿಡಿ ಅನ್ನಲು ಮನಸ್ಸು ಬರುವುದಿಲ್ಲ, ಏಕೆಂದರೆ ನಮ್ಮಂಥವರಿಗೆ ಅಲ್ಲಿ ಪಶ್ಚಿಮ ಘಟ್ಟದ ಗಿಡಗಳ ಸಸ್ಯೋದ್ಯಾನ ಇದೆ, ಗುತ್ತಿನ ಮನೆಯೂ (ತುಳುನಾಡಿನ ಊರ ಮುಖ್ಯಸ್ಥರ ಮನೆ) ಇದೆ. ಆ ಗುತ್ತಿನ ಮನೆ ಹಳೆಯದಲ್ಲ, ಹಳೇ ಕ್ರಮದಲ್ಲಿ ಹೊಸದಾಗಿ ಕಟ್ಟಿದ್ದು, ಆದರೂ ಚಾವಡಿ, ಅಂಗಳ ಎಲ್ಲಿ ಹೇಗೆ ಅಂತ ಅರ್ಥ ಮಾಡಿಕೊಳ್ಳಲು ಸಾಕು. ಕರಾವಳಿಯ ಯಾವ ಹಳೇ ಮನೆಗೆ ಹೋದರೂ ಕೆತ್ತನೆಯ ಜೊತೆ ಹಿತ್ತಿಲನ್ನೂ ನೋಡಿ ಮೇಡಂ. ಬಚ್ಚಲ ನೀರು ಹರಿಯುವ ಕಡೆ ಬಸಳೆ ಚಪ್ಪರ, ಅದರ ಮುಂದೆ ಕೆಸು, ಬಾಳೆ. ಅಂಗಳದ ಬದಿಗೆ ದಾಸವಾಳ, ಕೇಪುಳ, ನಂದಿಬಟ್ಟಲು, ಅಂದರೆ ಬೆಳಗಿನ ಪೂಜೆಗೆ ಕೈಗೆ ಸಿಗುವಂತೆ. ನಾನು ತಾರಸಿಯಲ್ಲಿ ವಾಷಿಂಗ್ ಮೆಷಿನ್ನಿನ ಕೊನೇ ನೀರಿಗೆ ಬಸಳೆ ಇಟ್ಟದ್ದು ಅದನ್ನು ನೋಡಿಯೇ. ಮೊದಲ ಸೋಪಿನ ನೀರು ಹಾಕಬೇಡಿ ಮತ್ತೆ.

ಮಟ್ಟು ಕಟಪಾಡಿಯ ಪಶ್ಚಿಮಕ್ಕೆ, ಶಂಕರಪುರ ಪೂರ್ವಕ್ಕೆ. ಎರಡೂ ಒಂದೇ ದಿನ ಮುಗಿಯುತ್ತದೆ. ಆದರೆ ಮಟ್ಟುವಿನ ಹೆಸರಾದ ಬದನೆ ಗುಳ್ಳದ ಗದ್ದೆ ಚೆನ್ನಾಗಿ ನೋಡಬೇಕೆಂದರೆ ಭತ್ತ ಕೊಯ್ದಾದ ಮೇಲಿನ ಚಳಿಗಾಲವೇ ಸರಿ. ಸೋದೆ ಮಠದ ಯತಿ ವಾದಿರಾಜರು ಬೀಜ ಕೊಟ್ಟದ್ದು ಅಂತ ಊರಿನವರು ಹೇಳುತ್ತಾರೆ. ಬೀಜ ತಂದು ಬೆಳೆದಿದ್ದೇನೆ, ಕಾಯಿ ಬರುತ್ತದೆ, ತೊಟ್ಟಿನಲ್ಲಿ ಮುಳ್ಳೂ ಬರುತ್ತದೆ, ರುಚಿ ಬರುವುದಿಲ್ಲ. ಸಮುದ್ರದ ಪಕ್ಕದ ಆ ಮರಳುಮಣ್ಣನ್ನು ತಾರಸಿಗೆ ಎಲ್ಲಿಂದ ತರುವುದು? ಸಿಕ್ಕರೆ ಎರಡು ಕಿಲೋ ಕಾಯಿಯೇ ತನ್ನಿ, ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿ, ಹುಳಿಗೆ ಹಾಕಿದರೆ ಬೇಗ ಕರಗಿ ಹೋಗುತ್ತದೆ.

ಸಾಧ್ಯವಾದರೆ ಪ್ರವಾಸವನ್ನೇ ಡಿಸೆಂಬರಿಗೆ ತಳ್ಳಿ. ಆಗ ಮಲ್ಲಿಗೆ ಕಡಿಮೆ, ದರ ಜಾಸ್ತಿ, ನಿಜ. ಆದರೆ ಅತ್ತೆಯವರು ಬೆವರಿ ಸುಸ್ತಾಗುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗಿಸಿರುತ್ತಾರೆ, ತುಳಿಯಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ. ಜನವರಿ ಅಂದುಕೊಂಡರೆ ಪರ್ಯಾಯದ (ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಹಬ್ಬ) ವರ್ಷವಾ ನೋಡಿಕೊಳ್ಳಿ, ಎರಡು ವರ್ಷಕ್ಕೊಮ್ಮೆ 18ನೇ ತಾರೀಕಿನ ಆಸುಪಾಸು ಉಡುಪಿಯಲ್ಲಿ ರೂಮ್ ಸಿಗುವುದು ಕಷ್ಟ. ಏಪ್ರಿಲ್ಲೇ ಗಟ್ಟಿ ಅಂದರೆ ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ನಾಲ್ಕರ ಮೇಲೆ ಓಡಾಡಿ, ನಡುವೆ ಊಟ, ನಿದ್ದೆ. ಮರವಂತೆ ಕೈಬಿಡಿ, ಅದು ಉಡುಪಿಯಿಂದ ಇನ್ನೂ ಉತ್ತರಕ್ಕೆ. ಸಮುದ್ರ ಬೇಕೆಂದರೆ ಕಾಪು ಇದೆ, 1901ರ ದೀಪಸ್ತಂಭ, ಸಂಜೆ ಒಂದು ಗಂಟೆ ಕೂತರೆ ಆಯಿತು.

ಕಾರೇ ಬೇಕಾ ಅಂತಲೂ ಯೋಚಿಸಿ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಉಡುಪಿ, ಅಲ್ಲಿ ಕಾರು ಬಾಡಿಗೆಗೆ ಸಿಗುತ್ತದೆ. ವಾಪಸ್ ಬರುವಾಗ ಹಾಳೆ ಸುರುಳಿ ಕೆಳಗಿನ ಬರ್ತಿನ ಅಡಿಗೆ. ಬಸ್ಸಾದರೆ ಡಿಕ್ಕಿಗೆ ಹಾಕಿ ಅನ್ನುತ್ತಾರೆ. ಕೊಡಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ. ಇಪ್ಪತ್ತು ಗಿಡ ತೊಡೆ ಮೇಲೆ ಹಿಡಿಯುವುದಿಲ್ಲ, ಹಾಗಾಗಿ ಆರು ಕಡ್ಡಿ ಸಾಕು. ಮಳೆಗಾಲದಲ್ಲಿ ಅವನ್ನೇ ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿದರೆ ಇನ್ನಷ್ಟು ಗಿಡ ಆಗುತ್ತವೆ. ಯಾವುದೂ ಹತ್ತದಿದ್ದರೆ ಆಗಸ್ಟಿನಲ್ಲಿ ಮೆಸೇಜ್ ಮಾಡಿ, ನನ್ನ ಹತ್ತಿರ ಎರಡು ಹೆಚ್ಚುವರಿ ಗಿಡ ಇವೆ, ಬಂದು ತಗೊಂಡು ಹೋಗಿ. ಡಿಕ್ಕಿಯಲ್ಲಿ ಇಡುವುದಾದರೆ ಕೊಡುವುದಿಲ್ಲ.