8 ಅಡಿ ಉದ್ದ, 3 ಅಡಿ ಎತ್ತರದ ಅಕ್ವೇರಿಯಂ ಮನೆಯಲ್ಲೇ ಕಟ್ಟಿಸಬೇಕು. ಗಾಜು ಒಳ್ಳೆಯದಾ, ಅಕ್ರಿಲಿಕ್ಕಾ?

ಆರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಗಾಜಾ, ಅಕ್ರಿಲಿಕ್ಕಾ, 15 ಮಿಲಿಮೀಟರ್ ಸಾಕಾ, 19 ಬೇಕಾ. ಕೊನೆಗೆ 19ರ ಗಾಜು ಹಾಕಿಸಿದೆ. ಇವತ್ತಿಗೂ ಅದರಿಂದ ಒಂದು ಹನಿ ಸೋರಿಲ್ಲ. ಆದರೂ ಒಂದು ರಾತ್ರಿ ನಮ್ಮ ಹಾಲ್ ಕೆರೆಯಾಯಿತು.

ನನ್ನ ಟ್ಯಾಂಕ್ 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ. ಸುಮಾರು 1400 ಲೀಟರ್ ನೀರು. ಬಾಗಿಲಲ್ಲಿ ತೂರುವುದಿಲ್ಲ ಅಂತ ಗಾಜುಗಳನ್ನು ಬಿಡಿಬಿಡಿಯಾಗಿ ತಂದು ಹಾಲ್‌ನಲ್ಲೇ ಸಿಲಿಕೋನ್ ಅಂಟಿನಿಂದ ಅಂಟಿಸಿದ್ದು, ಮನೆಯೆಲ್ಲ ವಿನೆಗರ್ ವಾಸನೆ. ಕೆಳಗೆ ಸ್ಟ್ಯಾಂಡಿನೊಳಗೆ 200 ಲೀಟರಿನ ಸಂಪ್, ಅಂದರೆ ಫಿಲ್ಟರ್ ಇರುವ ಸಣ್ಣ ಟ್ಯಾಂಕ್. ಮೇಲಿನ ನೀರು ಅಂಚಿನಿಂದ ಇಳಿದು ಸಂಪ್‌ಗೆ ಬರುತ್ತದೆ, ಮೋಟರ್ ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಸಂಪ್‌ನಲ್ಲಿ 140 ಲೀಟರ್ ಇರುತ್ತಿತ್ತು, 60 ಲೀಟರ್ ಜಾಗ ಖಾಲಿ.

ಮೊದಲ ದಿನ ಮೋಟರ್ ಆಫ್ ಮಾಡಿ ನೋಡಿದ್ದೆ. ಸ್ವಲ್ಪ ನೀರು ಇಳಿದು ನಿಂತಿತು. ಎಲ್ಲ ಸರಿ ಅಂದುಕೊಂಡೆ. ಆದರೆ ಮೋಟರ್ ಎತ್ತಿದ ನೀರು ಮೇಲಿನ ಟ್ಯಾಂಕಿಗೆ ವಾಪಸ್ ಬೀಳುವ ಪೈಪಿನ ಬಾಯಿ ನೀರಿನ ಮೇಲ್ಮಟ್ಟದಲ್ಲೇ ಇದ್ದುದರಿಂದ ರಾತ್ರಿಯೆಲ್ಲ ಗೊಳಗೊಳ ಸದ್ದು. ನಿದ್ದೆ ಬರುತ್ತಿರಲಿಲ್ಲ. ಒಂದು ಭಾನುವಾರ ಎಲ್ಬೋ ತಿರುಗಿಸಿ, ಒಂದು ತುಂಡು ಪೈಪ್ ಸೇರಿಸಿ, ಬಾಯಿಯನ್ನು ನೀರಿನೊಳಗೆ 10 ಸೆಂಟಿಮೀಟರ್ ಇಳಿಸಿದೆ. ಸದ್ದು ನಿಂತಿತು. ನನ್ನ ತಪ್ಪು ಇಷ್ಟೇ.

ಇದರಲ್ಲಿ ಏನು ತಪ್ಪು ಅಂತೀರಾ? ಕ್ಯಾನಿಗೆ ಪೈಪ್ ಹಾಕಿ ಬಾಯಿಂದ ಎಳೆದು ಬಿಟ್ಟರೆ ನೀರು ತಾನಾಗಿಯೇ ಕೆಳಗಿಳಿಯುತ್ತದಲ್ಲ, ಮೋಟರ್ ನಿಂತಾಗ ಆ ಪೈಪೂ ಅದೇ ಕೆಲಸ ಮಾಡುತ್ತದೆ. ನೀರನ್ನು ಮೇಲೆತ್ತುತ್ತಿದ್ದ ಪೈಪೇ ಈಗ ಕೆಳಗೆ ಎಳೆಯುತ್ತದೆ. ಅದರ ಬಾಯಿಗೆ ಗಾಳಿ ಸಿಗುವವರೆಗೂ ನಿಲ್ಲುವುದಿಲ್ಲ. ನನ್ನ ಟ್ಯಾಂಕಿನಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ ಹದಿನೆಂಟೂವರೆ ಲೀಟರ್. 10 ಸೆಂಟಿಮೀಟರ್ ಅಂದರೆ 185 ಲೀಟರ್. ಜಾಗ ಇದ್ದದ್ದು 60ಕ್ಕೆ. ಮಿಕ್ಕ 125 ಲೀಟರ್ ಎಲ್ಲಿಗೆ ಹೋಗಬೇಕು? ಈ ಲೆಕ್ಕ ಐದನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ನಾನು ಮಾಡಲಿಲ್ಲ. ಯಾಕೆಂದರೆ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇತ್ತು, ನೀರು ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲ ಅಂದುಕೊಂಡಿದ್ದೆ. ಪೈಪ್ ಇಳಿಸಿದ ಮೇಲೂ ಒಮ್ಮೆ ಆಫ್ ಮಾಡಿ ನೋಡಿದ್ದೆ, ಹೊಸ ವಾಲ್ವ್ ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ಐದು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ರಾತ್ರಿ ಕರೆಂಟ್ ಹೋಯಿತು. ಎರಡೂವರೆಗೆ ಅಮ್ಮ ಎದ್ದು ಹಾಲ್‌ಗೆ ಕಾಲಿಟ್ಟರು, ಪಚಕ್ ಅಂತು. "ಏನೋ ಇದು, ಮೀನೆಲ್ಲ ಹೊರಗೆ ಬಂತಾ?" ಅಂತ ಕೂಗಿದರು. ನಾವು ಬಟ್ಟೆ, ಬಕೆಟ್ ಹಿಡಿದು ಓಡಾಡುತ್ತಿರುವಾಗಲೇ ಕರೆಂಟ್ ಬಂತು. ಮೋಟರ್ ಸಂಪ್‌ನಲ್ಲಿ ಇದ್ದಷ್ಟು ನೀರನ್ನು ಮೇಲಕ್ಕೆತ್ತಿ, ಆಮೇಲೆ ಖಾಲಿಯಾದ ಸಂಪ್‌ನಲ್ಲಿ ಕಿರ್ರೆಂದು ತಿರುಗಿ ಸುಟ್ಟುಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಸ್ಟ್ಯಾಂಡಿಗೆ. ನುಣುಪಾಗಿರುತ್ತದೆ ಅಂತ ಎಂಡಿಎಫ್‌ನಲ್ಲಿ, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯಲ್ಲಿ, ಮಾಡಿಸಿದ್ದೆ. ನೀರು ಕುಡಿದು ಒಂದು ಮೂಲೆ ಉಬ್ಬಿತು. ಬರೀ ನಾಲ್ಕು ಮಿಲಿಮೀಟರ್. ಆದರೆ ಅಷ್ಟು ಭಾರ ಹೊತ್ತ ಗಾಜು ತಿರುಚಿಕೊಂಡರೆ ಅಂಟು ಬಿಡಬಹುದು, ಗಾಜೇ ಸೀಳಬಹುದು. ಹಾಗಾಗಿ ಮೀನುಗಳನ್ನು ಡ್ರಮ್‌ಗೆ ಹಾಕಿ, 1400 ಲೀಟರ್ ಖಾಲಿ ಮಾಡಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮತ್ತೆ ತುಂಬಿಸಿದೆ.

ವಾಲ್ವ್ ಬಿಚ್ಚಿದಾಗ ಒಳಗಿನ ಮುಚ್ಚಳದ ಸಂದಿಯಲ್ಲಿ ಕಾಳುಮೆಣಸಿನಷ್ಟು ದಪ್ಪದ ಬಸವನಹುಳು ಕೂತಿತ್ತು. ಜೀವಂತ! ತೊಳೆದು ವಾಪಸ್ ಟ್ಯಾಂಕಿಗೇ ಬಿಟ್ಟೆ, ಅದರದ್ದೇನು ತಪ್ಪು.

ಈಗ ಪೈಪಿನ ಬಾಯಿ ನೀರಿನೊಳಗೆ ಎರಡೇ ಸೆಂಟಿಮೀಟರ್ ಇದೆ. ನೀರಿನ ಮೇಲ್ಮಟ್ಟದ ಹತ್ತಿರ ಪೈಪಿಗೆ ಒಂದು ಸಣ್ಣ ತೂತೂ ಕೊರೆದಿದ್ದೇನೆ, ನೀರು ಇಳಿದ ತಕ್ಷಣ ಗಾಳಿ ಎಳೆದುಕೊಳ್ಳಲಿ ಅಂತ. ಅದರಲ್ಲೂ ಪಾಚಿ ಕಟ್ಟುತ್ತದೆ, ಆದ್ದರಿಂದ ತೂತನ್ನೇ ನಂಬಿಕೊಂಡು ಕೂರಬೇಡಿ. ವಾಲ್ವ್ ಹಾಕಿಸಲೇಬೇಡಿ ಅಂತೀನಿ ನಾನು. ಇದ್ದರೆ ಸುಮ್ನೆ ಧೈರ್ಯ ಬರುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಬೇಕಂತಲೇ ಮೋಟರ್ ಆಫ್ ಮಾಡಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ, ಸಂಪ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ.

ಇನ್ನು ನಿಮ್ಮ ಪ್ರಶ್ನೆ. ಅಕ್ರಿಲಿಕ್ ಹಗುರ, ಆದರೆ ಪಾಚಿ ಉಜ್ಜುವಾಗ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗೀರು ಬೀಳುತ್ತದೆ. ಗಾಜೇ ಹಾಕಿಸಿ. ಆದರೆ 3 ಅಡಿ ಎತ್ತರ ಯಾಕೆ? ಗಾಜನ್ನು ಹೊರಗೆ ತಳ್ಳುವ ಒತ್ತಡ ಕೂಡುವುದು ನೀರಿನ ಎತ್ತರದಿಂದ, ಅಗಲದಿಂದ ಅಲ್ಲ. ನನ್ನ ಎರಡೂವರೆ ಅಡಿಗೇ ಸ್ಟೂಲ್ ಹತ್ತಿ ಕಂಕುಳವರೆಗೆ ಕೈ ಮುಳುಗಿಸಿದರೂ ತಳದ ಕಲ್ಲು ಬೆರಳಿಗೆ ಎಟುಕುವುದಿಲ್ಲ. ಎರಡು ಅಡಿಗೆ ಇಳಿಸಿ ಅಗಲ ಜಾಸ್ತಿ ಮಾಡಿ. ಮೀನಿಗೂ ತಿರುಗಲು ಜಾಗ ಬೇಕು, ಅಲ್ವಾ? ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿದರೆ ಎರಡು ಟನ್ ಹತ್ತಿರ ಬರುತ್ತದೆ, ಮಹಡಿ ಮೇಲಾದರೆ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಅಂದಹಾಗೆ, ಸಂಪ್ ಎಷ್ಟು ಲೀಟರಿನದು, ವಾಪಸ್ ಪೈಪಿನ ಬಾಯಿ ಎಲ್ಲಿಡುತ್ತೀರಿ ಅಂತ ನೀವು ಬರೆದೇ ಇಲ್ಲ. ಅದನ್ನು ಮೊದಲು ಹೇಳಿ, ಗಾಜಿನ ದಪ್ಪ ಆಮೇಲೆ ನೋಡೋಣ.